ಕೌದಿಯ ಕೆಳಗಿನ ಗಾಜು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಗಾಜಿನ ಮೇಲೆ ಕೂತವನು ನಾನೇ. ನಾಯಿ ಹತ್ತಲಿಲ್ಲ, ಬೇವಿನ ಟೊಂಗೆ ಮುರಿದು ಬೀಳಲಿಲ್ಲ. ಊರಲ್ಲಿ ಈ ವಿಷಯವಾಗಿ ನಾಲ್ಕಾರು ಕಥೆಗಳು ಓಡಾಡುತ್ತಿವೆ. ಅವುಗಳಲ್ಲಿ ಎರಡನ್ನು ನಾನೇ ಹಬ್ಬಿಸಿದ್ದು. ಐದು ತಾಸು ಬೆವರು ಸುರಿಸಿ, ಒಂದು ಗೀರೂ ಬೀಳದಂತೆ ಕಾರಿನಿಂದ ಬಿಡಿಸಿ ತೆಗೆದ ಮುಂದಿನ ಗಾಜು ಅದು. ಅದರ ಮೇಲೆ ನನ್ನ ಈ ದೇಹವನ್ನು, ಮೆರವಣಿಗೆ ಮುಗಿಸಿ ಬಂದ ರಾಜನ ಹಾಗೆ, ಆರಾಮಾಗಿ ಇಳಿಸಿದೆ.

ದೇವಣಗಾಂವದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. ಅಂಗಡಿ ಅನ್ನುವುದು ದೊಡ್ಡ ಮಾತು. ಗಿರಾಕಿ ಒಳಗೆ ಕೈ ಚಾಚಿದರೆ ನಾನು ಹೊಟ್ಟೆ ಒಳಗೆಳೆದುಕೊಳ್ಳಬೇಕು, ಅಷ್ಟು ಜಾಗ. ಒಡೆದ ಡಿಸ್‌ಪ್ಲೇ ಬದಲಿಸುವುದೇ ಅಲ್ಲಿ ಹೆಚ್ಚಿನ ಕೆಲಸ. ಡಿಸ್‌ಪ್ಲೇಯ ಗಾಜು ಅಂಟಿನ ಮೇಲೆ ಕೂತಿರುತ್ತದೆ. ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು, ಕೂದಲೆಳೆಯಂಥ ತಂತಿಯನ್ನು ಗಾಜಿನಡಿ ತೂರಿಸಿ, ಎರಡೂ ಕೈಯಿಂದ ಆ ಕಡೆ ಈ ಕಡೆ ಎಳೆಯುತ್ತ ಹೋದರೆ ಅಂಟು ಬಿಟ್ಟು ಗಾಜು ಎದ್ದು ಬರುತ್ತದೆ. ಇಂಥ ಗಾಜುಗಳನ್ನು ಎಷ್ಟು ಬಿಡಿಸಿದ್ದೇನೋ ಲೆಕ್ಕವಿಲ್ಲ. ನನ್ನ ಸೊಕ್ಕಿನ ಮೂಲ ಇದೇ. ಪ್ರಪಂಚದಲ್ಲಿ ಅಂಟಿಸಿದ್ದು ಯಾವುದಿದ್ದರೂ ಅದನ್ನು ಬಿಡಿಸಲು ದೇವರು ನನ್ನನ್ನು ಕಳಿಸಿದ್ದಾನೆ ಅಂದುಕೊಂಡಿದ್ದೆ.

ನಮ್ಮ ಮನೆಗೆ ಗೋಡೆ ಹಚ್ಚಿಕೊಂಡೇ ಚಾಚಾನ ಮನೆ. ಸಂತೆಯಿಂದ ಸಂತೆಗೆ ಬಟ್ಟೆ ಮಾರಿ ಬದುಕಿದ ಮನುಷ್ಯ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಎಲ್ಲ ಸಂತೆಯಲ್ಲೂ ಅವರು ತಾಡಪತ್ರಿ ಹಾಸುವ ಜಾಗ ಅವರಿಗೇ ಖಾಯಂ ಇತ್ತು. ಏಳು ಸೀಟಿನ ಒಂದು ಹಳೆಯ ಕಾರು. ಅದರ ಹಿಂದಿನ ಸೀಟು ಕಿತ್ತು ಬಟ್ಟೆಯ ಗಂಟು ತುಂಬಿಕೊಂಡು ಹೋಗುತ್ತಿದ್ದರು. ಎರಡು ವರ್ಷದಿಂದ ಆ ಜಾಗದಲ್ಲಿ ಗಂಟಿನ ಬದಲು ಒಂದು ಗಾದಿ ಇದೆ. ಚಾಚಿಯ ಎರಡೂ ಕಿಡ್ನಿ ಕೆಟ್ಟ ಮೇಲೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ವಿಜಯಪುರಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಹೋಗುವಾಗ ಮುಂದೆ ಕೂತುಕೊಂಡು, ದಾರಿಯಲ್ಲಿ ಕಂಡವರನ್ನೆಲ್ಲ ಬೈಯುತ್ತ ಹೋಗುತ್ತಾಳೆ. ಬರುವಾಗ ಬಿ.ಪಿ. ಇಳಿದಿರುತ್ತದೆ, ಹಿಂದೆ ಮಲಗಿಯೇ ಬರಬೇಕು. ಒಮ್ಮೆ ಬಸ್ಸಿನಲ್ಲಿ ಹೋಗಿ ಬರಲು ನೋಡಿದರು. ಇಂಡಿಯಲ್ಲಿ ಬಸ್ಸು ಬದಲಿಸುವಾಗ ಚಾಚಿ ಕಣ್ಣಿಗೆ ಕತ್ತಲೆ ಕಟ್ಟಿ ನೆಲಕ್ಕೆ ಕೂತವಳು ಅರ್ಧ ತಾಸು ಏಳಲಿಲ್ಲ. ಅಲ್ಲಿಗೆ ಬಸ್ಸಿನ ಮಾತು ಮುಗಿಯಿತು. ಕಾರು ನಿಂತರೆ ಚಾಚಿಯ ಚಿಕಿತ್ಸೆ ನಿಂತಂತೆ.

ಆ ಕಾರು ಮೇ ತಿಂಗಳ ಒಂದು ಶುಕ್ರವಾರ ನಿಂತೇಬಿಟ್ಟಿತು. ಮುಂಜಾನೆಯೇ ಅಡ್ಡಮಳೆ ಹೊಡೆದಿತ್ತು. ಮುಂದಿನ ಗಾಜಿನ ಮೂಲೆಯಿಂದ ನೀರು ಒಳಗೆ ಜಿನುಗಿ, ಕೆಳಗಿದ್ದ ಫ್ಯೂಜಿನ ಪೆಟ್ಟಿಗೆಗೆ ಇಳಿದು, ವಿಜಯಪುರ ಇನ್ನೂ ದೂರ ಇದ್ದಾಗಲೇ ಇಂಜಿನ್ ಬಂದ್ ಆಯಿತು. ಚಾಚಾ ಬಟ್ಟೆಯಿಂದ ಒರೆಸಿ, ಊದಿ, ಬಯ್ದು, ಬೇಡಿಕೊಂಡು ಮತ್ತೆ ಶುರು ಮಾಡುವಷ್ಟರಲ್ಲಿ ಎರಡು ತಾಸು ಹೋಗಿತ್ತು. ಆಸ್ಪತ್ರೆಯಲ್ಲಿ ಅವರ ಪಾಳಿ ಮೀರಿತ್ತು. ನಾಲ್ಕು ತಾಸಿನ ಡಯಾಲಿಸಿಸ್ ಎರಡೂವರೆ ತಾಸಿಗೆ ಮುಗಿಸಿ ಕಳಿಸಿದರು. ಮರುದಿನ ಚಾಚಿಯ ಕಾಲು ಬಾತುಕೊಂಡವು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. "ಒಂದು ಪಾಳಿ ತಪ್ಪಿದರೂ ನೀರು ಎದೆಗೆ ಏರುತ್ತದೆ" ಎಂದು ಡಾಕ್ಟರು ಚಾಚಾನನ್ನು ಬದಿಗೆ ಕರೆದು ಹೇಳಿದ್ದರು. ಚಾಚಾ ಅದನ್ನು ನಮ್ಮ ಅವ್ವನಿಗೆ ಹೇಳಿದರು, ಅವ್ವ ನನಗೆ ಹೇಳಿದಳು. ಚಾಚಿಗೆ ಯಾರೂ ಹೇಳಲಿಲ್ಲ. ಅವಳಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ಮಂಗಳವಾರದ ಪಾಳಿ ಮುಗಿಸಿ ಬರುವಾಗ ಚಾಚಾ ಇಂಡಿಯಲ್ಲಿ ತುಕ್ಕು ಹಿಡಿದ ತಗಡು ಬೆಸೆಯುವ ಟಿಂಕರನಿಗೆ ಕಾರು ತೋರಿಸಿಕೊಂಡು ಬಂದರು. ಸಂಜೆ ನಮ್ಮ ಬಾಗಿಲಲ್ಲಿ ನಿಂತು ಅವ್ವನ ಮುಂದೆ ಹೇಳತೊಡಗಿದರು.

"ಗಾಜಿನ ಕೆಳಗಿನ ಪತ್ರಾ ಜಂಗ್ ತಿಂದಬಿಟ್ಟೈತಂತ. ಗಾಜ ಬಿಡಿಸಿಕೊಂಡ ಬರ್ರಿ, ಗುರುವಾರ ಬೆಸಗಿ ಹಾಕಿ ಕೂಡಿಸಿ ಕೊಡ್ತೇನಿ ಅಂತಾನ."

"ಅವನೇ ಬಿಡಸಬಾರದೇನ್ರಿ?" ಅಂದಳು ಅವ್ವ.

"ಕೂಡಸೂದು ನನ್ನ ಕೆಲಸ, ಬಿಡಸೂದು ಅಲ್ಲ ಅಂತಾನ. ಒಡದ್ರ ಈ ಗಾಡಿ ಗಾಜು ಈಗ ಸಿಗೂದಿಲ್ಲಂತ, ಪುಣೆದಾಗ ಹುಡುಕಿ ತರಸಾಕ ಎಂಟ ಹತ್ತ ದಿನ. ವಿಜಯಪುರದಾಗ ಗಾಜಿನ ಕೆಲಸದಾಂವ ಒಬ್ಬ ಅದಾನ, ಅಂವಗ ಮುಂದಿನ ವಾರದ ತನಕ ಪುರಸೊತ್ತಿಲ್ಲ. ಶುಕ್ರವಾರ ಮತ್ತ ಮಳಿ ಬಂದ್ರ ದಾರ್ಯಾಗ ನಿಂದರೂದ."

"ಬಾಡಿಗಿ ಗಾಡಿ?"

"ಊರಾಗಿನ ಎರಡೂ ಲಗ್ನಕ್ಕ ಹೋಗ್ಯಾವ. ಕೇಳಿ ಬಂದೆ."

ನಾನು ಒಳಗೆ ಚಹಾ ಕುಡಿಯುತ್ತಿದ್ದೆ. ಬಸಿ ಕೈಯಲ್ಲೇ ಹಿಡಿದು ಹೊರಗೆ ಬಂದೆ. ಯಾರೂ ಕರೆದಿರಲಿಲ್ಲ, ಅದನ್ನು ಬೇರೆ ಹೇಳಬೇಕಾಗಿಲ್ಲ.

"ಚಾಚಾ, ಇದಕ್ಕ ಇಷ್ಟ ಯಾಕ ಚಿಂತಿ ಮಾಡ್ತೀರಿ? ನಾ ಬಿಡಸ್ತೇನಿ. ದೊಡ್ಡದೊಂದ ಮೊಬೈಲ್ ಅಂತ ತಿಳ್ಕೊಂಡ್ರ ಆತು."

"ಮೊಬೈಲಿಗೆ ವೈಪರ್ ಇರತಾವೇನಲೇ?" ಅಂದರು ಚಾಚಾ. ಆದರೆ ಅವರ ಮುಖದಲ್ಲಿ ನಗು ಇರಲಿಲ್ಲ. ಬೇರೆ ದಾರಿಯಿಲ್ಲದವನು ನೋಡುವ ಹಾಗೆ ನನ್ನನ್ನೇ ನೋಡಿದರು. ಆ ನೋಟ ಕಂಡಾಗಲೇ ನಾನು ಹಿಂದೆ ಸರಿಯಬೇಕಿತ್ತು. ಇನ್ನೂ ಮುಂದೆ ಹೋಗಿ, "ಗೀರ ಬಿದ್ರ ಮೀಸಿ ಬೋಳಸ್ತೇನಿ" ಅಂದೆ. ನನಗೆ ಮೀಸೆ ಸರಿಯಾಗಿ ಬರುವುದಿಲ್ಲ ಅನ್ನುವುದು ಓಣಿಗೆಲ್ಲ ಗೊತ್ತು.

ಬುಧವಾರ ಮುಂಜಾನೆ ಬೇವಿನ ನೆರಳಿಗೆ ಕಾರು ನಿಲ್ಲಿಸಿಕೊಂಡೆವು. ಚಾಚಿ ತನ್ನ ಹೊರಸನ್ನು ಅಲ್ಲೇ ಹಾಕಿಸಿಕೊಂಡು ಒರಗಿ ಕೂತಳು. ಅವಳ ಎಡಗೈಗೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಕೂಡಿಸಿದ್ದಾರೆ. ಅಲ್ಲಿ ಹಗ್ಗದ ಹಾಗೆ ಉಬ್ಬಿದೆ. ಆ ಕೈಯನ್ನು ಯಾವಾಗಲೂ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾಳೆ.

ರಾತ್ರಿಯೆಲ್ಲ ಫೋನಿನಲ್ಲಿ ವಿಡಿಯೋ ನೋಡಿದ್ದೆ. ಮೊದಲು ವೈಪರಿನ ನಟ್ಟು ಬಿಚ್ಚಿದೆವು. ಅವುಗಳ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸುವಾಗ ಅದರ ಏಳು ಕ್ಲಿಪ್ಪಿನಲ್ಲಿ ನಾಲ್ಕು ಮುರಿದವು. "ಇವು ಮುರಿಯೂವ ಇರತಾವ್ರಿ" ಅಂದೆ. ಒಳಗಿನ ಕನ್ನಡಿ, ಎರಡೂ ಬದಿಯ ಕಂಬದ ಪಟ್ಟಿ, ಸುತ್ತಲಿನ ರಬ್ಬರಿನ ಅಂಚು ತೆಗೆದೆವು. ಬಣ್ಣ ಕೆರೆಯದಿರಲೆಂದು ಅಂಚಿನುದ್ದಕ್ಕೂ ಟೇಪು ಹಚ್ಚಿ, ಡ್ಯಾಶ್‌ಬೋರ್ಡಿನ ಮೇಲೆ ಹಳೆಯ ಚಾದರ ಹಾಸಿದೆವು. ಅಲ್ಲಿಯವರೆಗೆ ನಾನು ಶಸ್ತ್ರಕ್ರಿಯೆ ಮಾಡುವ ಡಾಕ್ಟರನ ಗತ್ತಿನಲ್ಲಿದ್ದೆ. ಚಾಚಾನಿಗೆ ಬರೀ ಕೈ ಚಾಚಿ "ಪಾನಾ" ಅನ್ನುತ್ತಿದ್ದೆ, ಅವರು ಕೊಡುತ್ತಿದ್ದರು.

ಆಮೇಲೆ ಅಂಟು ಬಿಡಿಸುವ ಪಾಳಿ. ನಾನು ಅಂಗಡಿಯಿಂದ ತಂದ ಬಿಸಿಗಾಳಿಯ ಯಂತ್ರ ಹಚ್ಚಿದೆ. ಅದು ಹೆಬ್ಬೆರಳಿನಷ್ಟು ಜಾಗ ಬಿಸಿ ಮಾಡುವ ಯಂತ್ರ. ಕಾರಿನ ಗಾಜಿಗೆ ಅದನ್ನು ಹಿಡಿಯುವುದು, ಬೆಂಕಿಕಡ್ಡಿ ಗೀರಿ ಲಗ್ನದ ಹಂಡೆಯ ನೀರು ಕಾಯಿಸಿದ ಹಾಗೆ. ಕಾಲು ತಾಸು ಆದ ಮೇಲೆ ಚಾಚಾ ಗಾಜು ಮುಟ್ಟಿ ನೋಡಿ, "ಇದಕ್ಕಿಂತ ಬಿಸಲ ಚೊಲೊ ಕಾಸೈತಿ. ಬಂದ ಮಾಡು, ಒಂದ ಕಡೆ ಕಾಸಿ ಒಂದ ಕಡೆ ತಣ್ಣಗಿದ್ರ ಸೀಳ್ತೈತಿ" ಅಂದರು. ಮೊಬೈಲಿನ ತಂತಿ ತೂರಿಸಿ ಎಳೆದೆ. ಎಳೆದದ್ದು ಗೊತ್ತಾಗಲೇ ಇಲ್ಲ, ಕೈಯಲ್ಲಿ ಎರಡು ತುಂಡು ಇದ್ದವು.

ಅಂಟು ಅಂದರೆ ಫೋನಿನ ತೆಳ್ಳನೆಯ ಅಂಟಲ್ಲ ಅದು. ಬೆರಳು ದಪ್ಪ, ಟೈರಿನ ಹಾಗೆ ಕಪ್ಪಗೆ, ಗಾಜನ್ನೂ ಪತ್ರಾವನ್ನೂ ಕಚ್ಚಿ ಹಿಡಿದಿತ್ತು. ನಾಳೆ ಗುರುವಾರ. ನಾಡಿದ್ದು ಶುಕ್ರವಾರ. ವೈಪರು ನೆಲದ ಮೇಲೆ, ಕಂಬದ ಪಟ್ಟಿ ನೆಲದ ಮೇಲೆ, ಕಾರು ಅರ್ಧ ಬಿಚ್ಚಿ ನಿಂತಿದೆ.

"ಏನಾತೋ ಡಾಕ್ಟರಾ?" ಅಂದಳು ಚಾಚಿ. "ಪೇಶಂಟ್ ಅದಾನೋ ಹೋದನೋ?"

"ಅದಾನ ಚಾಚಿ, ತಂತಿ ಹೋತು."

ದಪ್ಪ ತಂತಿಗೆ ಚಾಚಾ ದಾರಿ ತೋರಿಸಿದರು. ಮನೆಯಲ್ಲಿ ಬೈಕಿನ ಹಳೆಯ ಕ್ಲಚ್ ಕೇಬಲ್ ಇತ್ತು. ಅದರ ಒಳಗಿನ ಎಳೆಗಳನ್ನು ಬಿಚ್ಚಿ, ಮೂರು ಮೂರು ಎಳೆ ಹುರಿ ಮಾಡಿದೆವು. ಬಟ್ಟೆಯ ಗಂಟು ಹೊಲಿಯುವ ದಬ್ಬಣದಿಂದ ಒಳಗಿನಿಂದ ಅಂಟಿಗೆ ತೂತು ಹಾಕಿ ತಂತಿ ಹೊರಗೆ ತೂರಿಸಿದೆವು. ಹಿಡಿಕೆ ಬೇಕಲ್ಲ? ಹೊರಗಿನ ತುದಿಗೆ ಸುತ್ತಿಗೆಯ ಕಾವು ಕಟ್ಟಿದೆವು, ಒಳಗಿನ ತುದಿಗೆ ಅವ್ವನ ಲಟ್ಟಣಿಗೆ. ಅವ್ವನನ್ನು ಕೇಳಿ ತಂದದ್ದಲ್ಲ. ಅದರ ವಿಚಾರಣೆ ಇನ್ನೂ ನಡೆಯುತ್ತಿದೆ.

ನಾನು ಕಾರಿನ ಒಳಗೆ, ಚಾಚಾ ಹೊರಗೆ. ಇಬ್ಬರೂ ಎಳೆಯಲು ಹತ್ತಿದೆವು. ತಂತಿ ಕಡಿಯಿತು. ಹೊಸದು ಹಾಕಿದೆವು, ಅದೂ ಕಡಿಯಿತು. ಮೂರನೆಯದು ಕಡಿದಾಗ ಲಟ್ಟಣಿಗೆ ನನ್ನ ಹಣೆಗೆ ಬಡಿಯಿತು. ಹತ್ತು ಗಂಟೆಗೇ ಕಾರಿನ ಒಳಗೆ ಕುದಿಯುವ ಸೆಕೆ. "ಇನ್ನ ನಾಕ ತಂತಿ ಅದಾವ" ಅಂದರು ಚಾಚಾ, ಮೆಲ್ಲಗೆ. ಅವರ ಎರಡೂ ಅಂಗೈ ಕೆಂಪಾಗಿದ್ದವು.

ಆಗ ಚಾಚಿ ಹೊರಸಿನ ಮೇಲಿಂದ ಗದರಿದಳು.

"ನಿಂದರ್ರಿ ಸಾಕು! ಬೀಸಾಕ ಕುಂತ ಇಬ್ರು ಹೆಣ್ಮಕ್ಳು ಹಿಂಗ ಗೂಟ ಎಳದಾಡಿದ್ರ ಹಿಟ್ಟ ಬೀಳೂದಿಲ್ಲ, ಗೂಟ ಕಿತ್ತ ಬರ್ತೈತಿ. ಏನ್ರಿ, ನೀವ ಜಗ್ಗೂ ಮುಂದ ಅಂವ ಸಡಲ ಬಿಡಬೇಕು. ಲೇ ಹುಚ್ಚಾ, ಪೂರ್ತಿ ಬಿಡಬ್ಯಾಡ. ನಿನ್ನ ಕೈ ಅವ್ರ ಕೈ ಬೆನ್ನ ಹತ್ತಿ ಹೋಗಬೇಕು. ಮತ್ತ ನೀ ಜಗ್ಗೂ ಮುಂದ ಅವ್ರ ಕೈ ನಿನ್ನ ಬೆನ್ನ ಹತ್ತಿ ಬರಬೇಕು. ನಿಮ್ಮ ಆಯಿ ಮತ್ತ ನಾ ಒಂದ ಬೀಸುಕಲ್ಲಿಗೆ ಎಷ್ಟ ವರ್ಷ ಕುಂತೇವಿ, ಒಮ್ಮೆರ ಗೂಟ ಕಿತ್ತಿತ್ತೇನು ಕೇಳು ನಿಮ್ಮವ್ವನ್ನ."

ನಮ್ಮ ಆಯಿ ಅಂದರೆ ನನ್ನ ಅಜ್ಜಿ. ಅವಳು ಹೋಗಿ ಬಹಳ ವರ್ಷವಾಯಿತು. ಆ ಬೀಸುಕಲ್ಲು ಈಗ ನಮ್ಮ ಬಚ್ಚಲಿನಲ್ಲಿ ಹಂಡೆಗೆ ಅಡಗಲ್ಲಾಗಿ ಕೂತಿದೆ.

ಚಾಚಿ ಬಲಗೈಯಿಂದ ಹೊರಸಿನ ಕಾಲು ಬಡಿಯತೊಡಗಿದಳು. ಒಂದು ಬಡಿತಕ್ಕೆ ಚಾಚಾ ಎಳೆಯಬೇಕು, ಒಂದು ಬಡಿತಕ್ಕೆ ನಾನು. ಮೊದಮೊದಲು ನಾನು ತಪ್ಪಿದೆ, ಬೈಗುಳ ತಿಂದೆ. ಆಮೇಲೆ ಕೈಗೇ ತಿಳಿಯಿತು. ತಂತಿ ಗಾಜಿನ ಮೈಗೆ ಒತ್ತಿಕೊಂಡು ಸರಕ್ ಸರಕ್ ಎಂದು ಹೋಗತೊಡಗಿತು. ಸುಟ್ಟ ರಬ್ಬರಿನ ವಾಸನೆ, ಕಪ್ಪು ಚೂರು ನನ್ನ ತೊಡೆಯ ಮೇಲೆ ಉದುರುತ್ತಿತ್ತು. ತಂತಿ ಬಿಸಿಯಾದಾಗ ಸಾಬೂನಿನ ನೀರು ಚಿಮುಕಿಸಿದೆವು. ಮೂಲೆ ಬಂದಾಗ ಚಾಚಿ ತಾನಾಗಿಯೇ ಬಡಿತ ನಿಧಾನ ಮಾಡಿದಳು. ನಡುನಡುವೆ ಬಡಿತ ನಿಲ್ಲುತ್ತಿತ್ತು. ಅವಳು ಕಣ್ಣು ಮುಚ್ಚಿ ಉಸಿರು ಹಿಡಿಯುತ್ತಿದ್ದಳು. ಆಗ ನಾವೂ ನಿಲ್ಲುತ್ತಿದ್ದೆವು, ಕೈ ಒರೆಸಿಕೊಳ್ಳುವ ನೆಪ ಮಾಡಿ. ಚಾಚಾ ಆ ಕಡೆ ನೋಡುತ್ತಿರಲಿಲ್ಲ. ಗಾಜಿನಲ್ಲಿ ಬಿದ್ದ ಅವಳ ನೆರಳು ನೋಡುತ್ತಿದ್ದರು.

ಕೊನೆಯ ಗೇಣು ಬಿಟ್ಟಾಗ ಎರಡು ಗಂಟೆ ದಾಟಿತ್ತು. ನಾನು ಒಳಗಿನಿಂದ ಅಂಗೈಯಿಂದ ಮೆಲ್ಲಗೆ ಒತ್ತಿದೆ. ಗಾಜು ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಎದ್ದಿತು. ಇಬ್ಬರೂ ಎರಡು ಬದಿಗೆ ಹಿಡಿದು, ಅಂಚು ಎಲ್ಲೂ ತಾಗದಂತೆ, ಕೂಸನ್ನು ಎತ್ತಿಕೊಂಡ ಹಾಗೆ ನಡೆದೆವು. ಚಾಚಾನ ಮನೆಯ ಮುಂದೆ ಕಟ್ಟೆ ಇದೆ. ಅದರ ಮೇಲೆ ಎರಡು ಕೌದಿ ದಪ್ಪಗೆ ಹಾಸಿ, ಉಬ್ಬು ಮೇಲೆ ಬರುವಂತೆ ಗಾಜನ್ನು ಬೋರಲು ಇಟ್ಟೆವು. ಬೆರಳಿನಿಂದ ಸುತ್ತ ಸವರಿ ನೋಡಿದೆ. ಒಂದು ಗೀರಿಲ್ಲ.

ಚಾಚಾ ಹತ್ತಿರ ಬಂದರು. ನನ್ನ ತಲೆಯ ಮೇಲೆ ಕೈ ಇಟ್ಟರು, ಅಷ್ಟೆ. ಆಮೇಲೆ ಕೈಕಾಲು ತೊಳೆಯಲು ಒಳಗೆ ಹೋದರು.

ಬೇವಿನ ಮರದಲ್ಲಿ ಕಾಗೆಗಳಿದ್ದವು. ಗಾಜು ಹೊಲಸು ಆಗಬಾರದೆಂದು ನಾನೇ ಮನೆಯಿಂದ ಇನ್ನೊಂದು ಕೌದಿ ತಂದು, ಅದರ ಮೇಲೆ ನೀಟಾಗಿ ಹೊದಿಸಿದೆ. ಕೆಂಪು ಅಂಚಿನ, ಬೀಗರು ಬಂದಾಗ ತೆಗೆಯುವ ಕೌದಿ. ಇಷ್ಟರಲ್ಲಿ ಗುಟ್ಟು ನಿಮಗೆ ಹೊಳೆದಿರಬೇಕು. ನಮ್ಮ ಕಡೆ ಕಟ್ಟೆಯ ಮೇಲೆ ಕೌದಿ ಹಾಸಿದೆ ಅಂದರೆ ಒಂದೇ ಅರ್ಥ: ಬರ್ರಿ, ಕುಂದರ್ರಿ. ಹುಟ್ಟಿದಂದಿನಿಂದ ಕಾಲಿಗೆ ಕಲಿಸಿದ್ದು ಅದು. ಬುದ್ಧಿಯನ್ನು ಕೇಳಿ ಯಾರೂ ಕೌದಿಯ ಮೇಲೆ ಕೂರುವುದಿಲ್ಲ.

ಸುದ್ದಿ ಕೇಳಿ ಓಣಿಯ ನಾಲ್ಕು ಜನ ನೋಡಲು ಬಂದರು. ಬಂದವರಿಗೆಲ್ಲ ನಾನೇ ಕಾವಲುಗಾರ: "ದೂರ ನಿಂದರ್ರಿ, ಕೌದಿ ಮುಟ್ಟಬ್ಯಾಡ್ರಿ!" ಒಬ್ಬ ಮುದುಕ ಕೂರಲು ಹೋದವನನ್ನು ರಟ್ಟೆ ಹಿಡಿದು ಎಬ್ಬಿಸಿದೆ. ಆಮೇಲೆ ಕಥೆ ಶುರು ಮಾಡಿದೆ. ಮೊದಲ ಸಲ ಹೇಳುವಾಗ ತಂತಿ ಮೂರು ಸಲ ಕಡಿದಿತ್ತು. ಎರಡನೆಯ ಸಲಕ್ಕೆ ಹನ್ನೊಂದು ಸಲ. ಚಾಚಿಯ ಬಡಿತದ ಮಾತು ನನ್ನ ಕಥೆಯಲ್ಲಿ ಎಲ್ಲೂ ಬರಲಿಲ್ಲ. "ಕಡೀಕ ಏನ್ ಮಾಡಿದೆ ಅಂದ್ರ," ಎನ್ನುತ್ತ, ಲಟ್ಟಣಿಗೆ ಎಳೆಯುವ ನಟನೆ ಮಾಡುತ್ತ ಹಿಂದೆ ಹಿಂದೆ ಸರಿದೆ. ಕಾಲು ಸೋತಿದ್ದವು. ಮೊಣಕಾಲಿನ ಹಿಂದೆ ಮೆತ್ತಗೆ ಏನೋ ತಾಗಿತು. ಕೂತೆ.

ದೊಡ್ಡ ಸದ್ದೇನೂ ಆಗಲಿಲ್ಲ. ಹಪ್ಪಳ ಮುರಿದ ಹಾಗೆ ಒಂದು ಚಿಟಕ್, ಅಷ್ಟೆ. ಆ ಸದ್ದು ನನ್ನ ಬೆನ್ನುಮೂಳೆಯ ಮೂಲಕ ಮೇಲೆ ಬಂತು. ಏಳಲೂ ಹೆದರಿಕೆ, ಎದ್ದರೆ ನೋಡಬೇಕಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ, ಚಾಚಾ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದು ನನ್ನನ್ನು ನೋಡಿದರು. ನೋಡಿದರು, ಮತ್ತೆ ನೋಡಿದರು. ನಾನು ಎದ್ದೆ. ಅವರು ಕೌದಿ ಎತ್ತಿದರು. ನಡುವಿನಿಂದ ಎಡ ಅಂಚಿನವರೆಗೆ ಒಂದು ಬಿರುಕು, ಅದಕ್ಕೆ ಎರಡು ಕವಲು, ಒಣ ಟೊಂಗೆಯ ಹಾಗೆ.

ಕೌದಿಯನ್ನು ಮತ್ತೆ ಹೊದಿಸಿದರು. ಅಂಚು ಸರಿ ಮಾಡಿದರು.

"ಚಾಚಾ..." ಅಂದೆ.

"ಊಟ ಮಾಡಿಲ್ಲ ನೀ. ಹೋಗು, ಉಣ್ಣು."

ಬೈದಿದ್ದರೆ, ಒಂದು ಏಟು ಕೊಟ್ಟಿದ್ದರೆ ನಾನು ಅದನ್ನೂ ಒಂದು ಕಥೆ ಮಾಡಿಕೊಂಡು ಬದುಕುತ್ತಿದ್ದೆ. ಆ ಮಾತಿನಿಂದ ಏನೂ ಮಾಡಲು ಆಗಲಿಲ್ಲ. ಬಂದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಹೊರಸಿನ ಮೇಲೆ ಚಾಚಿ ಆ ಕಡೆ ಹೊರಳಿ ಮಲಗಿದ್ದಳು.

ಇಂಡಿಯ ಟಿಂಕರಿಗೆ ಫೋಟೋ ಕಳಿಸಿ ಫೋನು ಹಚ್ಚಿದೆವು. ಅವನು ಮೊದಲು ಕೇಳಿದ್ದು, "ಬಿಡಸೂ ಮುಂದ ಒಡೀತೇನ್ರಿ?"

"ಇಲ್ಲ. ಬಿಡಿಸಿದ ಮ್ಯಾಲ," ಅಂದೆ.

"ಬಿಡಿಸಿದ ಮ್ಯಾಲ ಹೆಂಗ ಒಡೀತ್ರಿ?"

"ಅದನ್ನ ಕೇಳಬ್ಯಾಡ್ರಿ."

ಮುಂದಿನ ಗಾಜಿನಲ್ಲಿ ಎರಡು ಪದರ, ನಡುವೆ ಅಂಟಿನ ಹಾಳೆ ಇರುತ್ತದೆ. ಬಿರುಕು ಬಿಟ್ಟರೂ ಕೂಡಲೇ ಉದುರುವುದಿಲ್ಲ. ಬಿರುಕು ಎಡಗಡೆ ಇರುವುದರಿಂದ ಡ್ರೈವರಿಗೆ ದಾರಿ ಕಾಣುತ್ತದೆ, ಹೊಸ ಗಾಜು ಬರುವವರೆಗೆ ಮೆಲ್ಲಗೆ ಓಡಿಸಿಕೊಂಡು ಇರಬಹುದು, ಆದರೆ ತನ್ನ ಜವಾಬ್ದಾರಿ ಅಲ್ಲ ಅಂದ. ಚಾಚಾ "ಹೂಂ" ಅಂದರು. ಪುಣೆಗೂ ಹೇಳಿ ಕಳಿಸಿದರು.

ಆ ಸಂಜೆ ಚಾಚಿ ಮೊದಲ ಸಲ ಅಂದಳು: "ಈ ಶುಕ್ರವಾರ ಬಿಡ್ರಿ. ಮಂಗಳವಾರಕ್ಕ ಹೋದ್ರ ಆತು. ಒಡದ ಗಾಜಿನ ಗಾಡ್ಯಾಗ ಯಾಕ ಓಡಾಡೂದು?"

ಚಾಚಾ ಅವಳ ಕಾಲ ಹತ್ತಿರ ಕೂತು, ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ಒತ್ತಿದ ತಗ್ಗು ಹಾಗೇ ಉಳಿಯಿತು. ಇಬ್ಬರೂ ಅದನ್ನು ನೋಡಿದರು. ನಾನೂ ನೋಡಿದೆ.

ಗುರುವಾರ ಗಾಜಿಲ್ಲದ ಕಾರಿನಲ್ಲಿ ಇಂಡಿಗೆ ಹೋದೆವು. ಹಿಂದೆ ಗಾದಿಯ ಮೇಲೆ ಗಾಜು, ಮುಂದೆ ಚಾಚಾ ಕಪ್ಪು ಕನ್ನಡಕದಲ್ಲಿ, ಬದಿಗೆ ನಾನು ಹೆಲ್ಮೆಟ್ ಹಾಕಿಕೊಂಡು. ಎದುರು ಬಂದವರೆಲ್ಲ ಹಲ್ಲು ಕಿರಿದರು. ದಾರಿಯಲ್ಲಿ ಎಷ್ಟು ಹುಳ ನುಂಗಿದೆನೋ, ಎರಡು ದಿನ ಹೊಟ್ಟೆ ಹಸಿಯಲಿಲ್ಲ ಎಂದು ಆಮೇಲೆ ಊರಲ್ಲಿ ಹೇಳಿಕೊಂಡು ತಿರುಗಿದ್ದೇನೆ. ನಿಜವೆಂದರೆ ಇಂಡಿಯವರೆಗೆ ನಾನು ಹೆಲ್ಮೆಟ್ಟಿನ ಗಾಜು ಮೇಲೆತ್ತಲೇ ಇಲ್ಲ. ಜಂಗ್ ತಿಂದ ಪತ್ರಾ ಕತ್ತರಿಸಿ, ಹೊಸದು ಬೆಸೆದು, ಮಧ್ಯಾಹ್ನಕ್ಕೆ ಟಿಂಕರ್ ಹೊಸ ಅಂಟಿನ ಮೇಲೆ ಗಾಜು ಕೂಡಿಸಿದ. ಮುಂಜಾನೆಯವರೆಗೆ ಅಲುಗಾಡಿಸಬಾರದು ಅಂದ. ಚಾಚಾ ಅಲ್ಲೇ ಉಳಿದರು. ನಾನು ಬಸ್ಸು ಹಿಡಿದು ಊರಿಗೆ ಬಂದು, ಕಾರು ರೆಡಿ ಆಯಿತು ಎಂದು ಚಾಚಿಗೆ ಹೇಳಿದೆ. "ಆತು?" ಅಂದಳು. ಖುಷಿಪಟ್ಟ ದನಿ ಅಲ್ಲ ಅದು.

ಶುಕ್ರವಾರ ಹೊತ್ತು ಹುಟ್ಟುವಾಗ ಚಾಚಾ ಕಾರು ತಂದು ನಿಲ್ಲಿಸಿದರು. ಚಾಚಿ ಇನ್ನೂ ಎದ್ದಿರಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದವಳು, "ಇವತ್ತ ಬ್ಯಾಡ. ಮೈಯಾಗ ಚೊಲೊ ಇಲ್ಲ" ಅಂದಳು. ಚಾಚಾ ಕರೆದರು. ಏಳಲಿಲ್ಲ. ನಾನು ಬಾಗಿಲಲ್ಲಿ ನಿಂತು, "ಚಾಚಿ, ಬರೂದಿಲ್ಲಂದ್ರ ಇನ್ನೊಂದ ಗಾಜಿನ ಮ್ಯಾಲ ಕುಂದ್ರತೇನಿ ನೋಡು" ಅಂದೆ. ಯಾರೂ ನಗಲಿಲ್ಲ. ಚಾಚಾ ಹೊಸ್ತಿಲಿನ ಮೇಲೆ ಕುಸಿದು ಕೂತರು. ಅವರ ಮುಖದಲ್ಲಿ ಅಂಥ ಸೋಲನ್ನು ನಾನು ಗಾಜು ಒಡೆದಾಗಲೂ ನೋಡಿರಲಿಲ್ಲ.

ಕೊನೆಗೆ ಅವ್ವ ಬಂದಳು. ಚಾಚಿಯ ಚಪ್ಪಲಿ ತಂದು ಹಾಸಿಗೆಯ ಬದಿಗೆ ಇಟ್ಟು, ಅಲ್ಲೇ ಕೂತು ಅವಳ ತಲೆ ಬಾಚತೊಡಗಿದಳು. ಬಾಚುತ್ತ ಬಾಚುತ್ತ, "ಅಕ್ಕಾ, ಅವ್ರ ಅಂಗೈ ನೋಡಿಯೇನು?" ಅಂದಳು. ಹೊತ್ತಾದ ಮೇಲೆ ಚಾಚಿ ಎದ್ದು ಚಪ್ಪಲಿಯಲ್ಲಿ ಕಾಲು ಇಟ್ಟಳು. ಬಾತ ಕಾಲು ಒಳಗೆ ಹೋಗಲಿಲ್ಲ. ಬರಿಗಾಲಲ್ಲೇ ಕಾರು ಹತ್ತಿದಳು.

ಹಿಂದೆ ಮಲಗಿಕೊಂಡಳು, ಹೋಗುವಾಗಲೇ. ನಾನು ಮುಂದೆ, ಬಿರುಕಿನ ಎದುರಿಗೆ ಕೂತೆ. ವಿಜಯಪುರದವರೆಗಿನ ದಾರಿಯನ್ನೆಲ್ಲ ಎರಡು ಹೋಳಾಗಿ ನೋಡಿದೆ. ಚಾಚಾ ನಲವತ್ತರ ಮೇಲೆ ಓಡಿಸಲಿಲ್ಲ. ತಗ್ಗು ಬಂದಾಗಲೆಲ್ಲ ನಾನು ಅಂಗೈಯನ್ನು ಗಾಜಿಗೆ ಒತ್ತಿ ಹಿಡಿಯುತ್ತಿದ್ದೆ. ನಾನು ಹಿಡಿದರೆ ನಿಲ್ಲುವುದಾಗಿದ್ದರೆ ಮೊದಲೇ ನಿಲ್ಲುತ್ತಿತ್ತು, ಆದರೂ ಹಿಡಿಯುತ್ತಿದ್ದೆ. ಹಿಂದಿನ ಗಾದಿಯಿಂದ ಅವಳ ಉಸಿರಿನ ಸದ್ದು ಕೇಳುತ್ತಲೇ ಇತ್ತು.

ಪಾಳಿಗೆ ಹತ್ತು ನಿಮಿಷ ಇರುವಾಗ ತಲುಪಿದೆವು. ತೂಕ ನೋಡಿದ ನರ್ಸು ಹುಬ್ಬು ಏರಿಸಿದಳು. ಸೂಜಿ ಚುಚ್ಚುವಾಗ ಚಾಚಿ ಮುಖ ತಿರುಗಿಸಿಕೊಂಡಳು. ಎರಡು ತಾಸು ಕಳೆಯುವಷ್ಟರಲ್ಲಿ ಅವಳ ಉಸಿರು ಇಳಿಯಿತು, ತುಟಿಯ ಬಣ್ಣ ತಿರುಗಿತು. ಚಾಚಾ ಜುಮ್ಮಾ ನಮಾಜಿಗೆ ಹೋಗಿ ಬರುತ್ತೇನೆಂದು ನನ್ನನ್ನು ಅವಳ ಹತ್ತಿರ ಕೂರಿಸಿ ಹೋದರು. ಕಬ್ಬಿಣದ ಸ್ಟೂಲು. ಕೂರುವ ಮೊದಲು ಮುಟ್ಟಿ ನೋಡಿದೆ.

ಅದಕ್ಕೆ ಚಾಚಿ ಸ್ವಲ್ಪ ನಕ್ಕಳು. ಆಮೇಲೆ ನಗು ಇಳಿಯಿತು.

"ಬುಧವಾರ ನೀ ಕುಂದ್ರೂ ಮುಂದ ನಾ ಎಚ್ಚರಿದ್ದೆ," ಅಂದಳು.

"ಹಂಗಾರ ನನ್ನ ದರ್ಬಾರ ಪೂರ್ತಿ ನೋಡೀದಿ."

"ಚೇಷ್ಟಿ ಬ್ಯಾಡ, ಕೇಳು. ನೀ ಹಿಂದಕ ಹಿಂದಕ ಬರಾಕತ್ತಿದ್ದಿ. ಕುಂದ್ರತಾನ ಅಂತ ನಂಗ ಗೊತ್ತಾತು. 'ಲೇ' ಅಂದಿದ್ರ ಸಾಕಿತ್ತು. ಬಾಯಿ ತನಕ ಬಂತು. ಅನಲಿಲ್ಲ."

ನಾನು ಯಂತ್ರದಲ್ಲಿ ತಿರುಗುವ ಕೆಂಪು ನಳಿಗೆಯನ್ನೇ ನೋಡುತ್ತ ಕೂತೆ.

"ಗಾಜ ಹೋದ್ರ ಒಂದ ಶುಕ್ರವಾರ ತಪ್ತೈತಿ ಅನಸ್ತು. ಈ ಸೂಜಿ ಇಲ್ದ ಒಂದ ಶುಕ್ರವಾರ. ಮುಂದಿಂದ ವಿಚಾರ ಮಾಡಲಿಲ್ಲ ನಾ. ಎಲ್ಲಾರೂ ನಿನಗ ನಗಾಕತ್ತಾರ, ನಾ ಸುಮ್ನ ಅದೇನಿ."

"ಚಾಚಿ, ಕುಂತಾಂವ ನಾನು."

"ನೀ ಹುಚ್ಚ ಅದಿ, ಕುಂತಿ. ನಾ ಶಾಣೇಕಿ ಇದ್ದ ಸುಮ್ನಿದ್ದೆ. ನಿಮ್ಮ ಚಾಚಾಗ ನಾನ ಹೇಳ್ತೇನಿ, ನೀ ನಡುವ ಬಾಯಿ ಹಾಕಬ್ಯಾಡ." ಬಲಗೈಯಿಂದ ಚಾದರ ಎಳೆದುಕೊಂಡಳು. "ಮನ್ಯಾಗ ಇದ್ದಾಗ ಸಾಕಪ್ಪಾ ಅನಸ್ತೈತಿ. ಇಲ್ಲಿ ಬಂದ ಉಸರ ಇಳದ ಮ್ಯಾಲ ಬೇಕನಸ್ತೈತಿ. ಮಂಗಳವಾರ ಮುಂಜಾನಿ ನೀನ ಬಂದ ಕರಿ. ನಾ ಬ್ಯಾಡ ಅಂತೇನಿ. ಆದ್ರೂ ಕರಿ."